ಹಾರುವ ಬಿಲ್ಲೆಗೆ ಗುರಿ

ಗಂಟೆಗೆ ಸುಮಾರು 100 ಕಿಲೋಮೀಟರು ವೇಗದಲ್ಲಿ ಚಿಮ್ಮುವ,
11 ಸೆಂಟಿಮೀಟರು ಅಗಲದ ಮಣ್ಣಿನ ಬಿಲ್ಲೆಯನ್ನು
ಗಾಳಿಯಲ್ಲಿಯೇ ಒಡೆಯುವುದೆಂತು?

ತೋಟ ಕಾಯುವ ಕೋವಿ
ಬಂಟ್ವಾಳ, ಬೆಳ್ತಂಗಡಿಗಳ ಕೃಷಿಕರಿಗೆ ಚಿರಪರಿಚಿತವೇ ಸರಿ;
ಆದರೆ ಹಾರುವ ಬಿಲ್ಲೆಯನ್ನೊಡೆಯುವುದು,
2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ
ರಾಜ್ಯವರ್ಧನ್ ಸಿಂಗ್ ರಾಥೋಡರಿಗೆ
ಬೆಳ್ಳಿಯ ಪದಕವನ್ನು ತಂದಿತ್ತ ವಿದ್ಯೆ.

ಕೋವಿಯಿಂದ ಹೊಮ್ಮಿದ ಚರೆಯು 35 ಮೀಟರು ಕ್ರಮಿಸಲು
ಸೆಕೆಂಡಿನ ಹತ್ತನೆಯ ಒಂದಂಶ ಬೇಕು;
ಅಷ್ಟರೊಳಗೆ ಅಡ್ಡಹಾಯುವ ಬಿಲ್ಲೆ
ಎರಡು ಮೀಟರಿನಷ್ಟಾದರೂ ಮುಂದೆ ಸರಿದಿರುವುದರಿಂದ,
ಬಿಲ್ಲೆಗೇ ಗುರಿಯಿಟ್ಟವನ ಚರೆ
ಅದರ ಬೆನ್ನ ಹಿಂದೆ ವ್ಯರ್ಥವಾಗುವುದು.

ಮೂಡುಬಿದಿರೆಯ ಕಂಬಳದಲ್ಲಿ,
ಓಡುವ ಕೋಣಗಳೊಡನೆಯೇ ಕ್ಯಾಮರಾವನ್ನು ತಿರುಗಿಸುತ್ತ,
ಗುಂಡಿಯೊತ್ತಿದ ಮೇಲೆಯೂ ಕೈ ನಿಲ್ಲಿಸದ
ಛಾಯಾಗ್ರಾಹಕನನ್ನು ಕಂಡಿರುವಿರಷ್ಟೆ?

ಕೋವಿಯೂ ಅಂತೆಯೇ,
ಬಿಲ್ಲೆಯ ಹಿಂದಿನಿಂದ ಬಂದು,
ಅದನ್ನು ದಾಟಿ,
ಟ್ರಿಗರ್ ಎಳೆದ ಅನಂತರವೂ
ಚಲಿಸುತ್ತಲೇ ಇರತಕ್ಕದ್ದು.

ದೃಷ್ಟಿ ಬಿಲ್ಲೆಯ ಮೇಲಿರಲಿ,
ನಳಿಗೆಯ ತುದಿಯ ಮೇಲಲ್ಲ;
ಕೆನ್ನೆ ಕೋವಿಯ ಮರವನ್ನು ಬಿಡದಿರಲಿ;
ದೇಹಭಾರ ಮುಂದಿಟ್ಟ ಕಾಲಿನ ಮೇಲಿರಲಿ.

ಗುರಿ ತಪ್ಪಿತೆಂದರೆ,
ಕೋವಿಯನ್ನು ದೂಷಿಸುವ ಮೊದಲು,
ತೋಳು ನಡುವೆ ನಿಂತಿತೆ ಎಂಬುದನ್ನು ವಿಚಾರಿಸಿರಿ.

ಇವಿಷ್ಟನ್ನೂ ಅಧಿಕೃತ ಅಂಗಣದಲ್ಲಿ,
ಬಲ್ಲ ಗುರುವಿನ ಕಣ್ಣೆದುರಿನಲ್ಲಿಯೇ
ಅಭ್ಯಾಸ ಮಾಡತಕ್ಕದ್ದು;
ತೋಟದ ಬದುವಿನಲ್ಲಿ ಸರ್ವಥಾ ಅಲ್ಲ.