ಹಳಿಯ ಪಕ್ಕದ ಬಿಡಾರ: ಯುದ್ಧವಿರೋಧಿ ಶಿಬಿರ ನಡೆಯುವುದು ಹೇಗೆ?



ಬಳಗದ ಹೋದ ಕೂಟದಲ್ಲಿ ಪಂಪನ ಆದಿಪುರಾಣದ ಭರತ-ಬಾಹುಬಲಿ ಪ್ರಸಂಗ ಓದಿದೆವು. ಎರಡು ಸೇನೆಗಳು ಎದುರುಬದುರು ನಿಂತಾಗ ಮಂತ್ರಿಗಳು ನಡುವೆ ಬಂದು, ಸೈನ್ಯಗಳು ಕಾದಾಡುವುದು ಬೇಡ, ಅಣ್ಣತಮ್ಮಂದಿರೇ ತೀರಿಸಿಕೊಳ್ಳಲಿ ಎನ್ನುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದ ಬಾಹುಬಲಿ, ಗೆದ್ದದ್ದನ್ನೆಲ್ಲ ಬಿಟ್ಟು ಹೋಗಿ ಒಂದೇ ಕಡೆ ನಿಂತುಬಿಡುತ್ತಾನೆ. ಕಾಫಿಯ ಹೊತ್ತಿಗೆ ಒಬ್ಬರು ಕೇಳಿದರು: "ಗೆದ್ದವನು ನಿಲ್ಲಬಹುದು ಸ್ವಾಮಿ. ಯುದ್ಧ ಬೇಡ ಅನ್ನುವ ನಮ್ಮಂಥವರು ಎಲ್ಲಿ ಹೋಗಿ ನಿಲ್ಲೋದು? ಅದೂ ಎಚ್-1ಬಿ ವೀಸಾದಲ್ಲಿ?" ಎಲ್ಲರೂ ನಕ್ಕೆವು. ಆದರೆ ಪ್ರಶ್ನೆ ನಗುವಿನ ಜೊತೆ ಹೋಗಲಿಲ್ಲ.

ಅದಕ್ಕೆ ಈ ಬರಹ. ಯುದ್ಧವಿರೋಧಿ ಶಿಬಿರ ಎಂದರೇನು, ಅದರೊಳಗೆ ಯಾರು ಏನು ಕೆಲಸ ಮಾಡುತ್ತಾರೆ, ನಮ್ಮಂಥ ಪರದೇಶಿಗಳಿಗೆ ಅಲ್ಲಿ ಜಾಗ ಇದೆಯೇ ಎಂಬುದನ್ನು ತಿಳಿದಷ್ಟು ಹೇಳುವ ಪ್ರಯತ್ನ.

ನಾವಿರುವ ಊರು

ಮೊದಲು ನಮ್ಮ ಹಿತ್ತಿಲಿನಿಂದಲೇ ಶುರು ಮಾಡೋಣ. ಸನ್ನಿವೇಲ್ ಎಂದರೆ ನಮಗೆ ಚಿಪ್ಪು, ಸಾಫ್ಟ್‌ವೇರ್, ಎಲ್ ಕಮಿನೋ ರಿಯಲ್ ಮೇಲಿನ ದೋಸೆ ಹೋಟೆಲುಗಳು. ಆದರೆ ಈ ಊರಿಗೆ ಇನ್ನೊಂದು ಮುಖ ಇದೆ. 1956ರಲ್ಲಿ ಲಾಕ್‌ಹೀಡ್ ಕಂಪನಿ ತನ್ನ ಕ್ಷಿಪಣಿ ವಿಭಾಗವನ್ನು ಇಲ್ಲಿಗೆ ತಂದಿತು. ಜಲಾಂತರ್ಗಾಮಿಯಿಂದ ಹಾರಿಸುವ ಪೊಲಾರಿಸ್, ಪೊಸೈಡನ್, ಟ್ರೈಡೆಂಟ್ ಕ್ಷಿಪಣಿಗಳು ರೂಪುಗೊಂಡದ್ದು ಇಲ್ಲಿನ ಎಂಜಿನಿಯರುಗಳ ಮೇಜಿನ ಮೇಲೆ. ಪಕ್ಕದಲ್ಲೇ ಕಿಟಕಿಗಳೇ ಇಲ್ಲದ ತಿಳಿನೀಲಿ ಕಟ್ಟಡವೊಂದಿತ್ತು. ಜನ ಅದನ್ನು ಬ್ಲೂ ಕ್ಯೂಬ್ ಎನ್ನುತ್ತಿದ್ದರು. ಸೇನೆಯ ಉಪಗ್ರಹಗಳನ್ನು ನಿಯಂತ್ರಿಸುತ್ತಿದ್ದ ಆ ಕಟ್ಟಡವನ್ನು 2014ರಲ್ಲಿ ಕೆಡವಿದರು. ಹೆದ್ದಾರಿ 237ರಲ್ಲಿ ದಿನವೂ ಓಡಾಡಿದ ನಮ್ಮಲ್ಲಿ ಎಷ್ಟು ಜನ ಅದು ಏನೆಂದು ಕೇಳಿದ್ದೆವು?

ಕೇಳಿದವರೊಬ್ಬರು ಇದ್ದರು. ರಾಬರ್ಟ್ ಆಲ್ಡ್ರಿಜ್ ಎಂಬ ಎಂಜಿನಿಯರ್ ಲಾಕ್‌ಹೀಡ್‌ನಲ್ಲಿ ಹದಿನಾರು ವರ್ಷ ಕ್ಷಿಪಣಿಗಳ ವಿನ್ಯಾಸ ಮಾಡಿ, ಟ್ರೈಡೆಂಟ್ ಕೆಲಸದ ನಡುವೆ, 1973ರಲ್ಲಿ ರಾಜೀನಾಮೆ ಕೊಟ್ಟರು. ಮನೆಯಲ್ಲಿ ಹತ್ತು ಮಕ್ಕಳು! ಶತ್ರುವಿನ ದಾಳಿಗೆ ಉತ್ತರ ಕೊಡಲಿಕ್ಕಲ್ಲ, ಮೊದಲ ಏಟು ಹೊಡೆಯಲು ಒದಗುವ ಅಸ್ತ್ರ ಇದು ಎಂಬುದು ಅವರಿಗೆ ಮನವರಿಕೆಯಾಗಿತ್ತು. ಅವರ ಮಾತು ಕೇಳಿದ ಜಿಮ್ ಮತ್ತು ಶೆಲ್ಲಿ ಡಗ್ಲಸ್ ದಂಪತಿ, ಗೆಳೆಯರೊಡನೆ, 1977ರಲ್ಲಿ ವಾಷಿಂಗ್ಟನ್ ರಾಜ್ಯದ ಬ್ಯಾಂಗರ್ ಎಂಬಲ್ಲಿ ಟ್ರೈಡೆಂಟ್ ನೆಲೆಯ ಬೇಲಿಗೆ ತಾಗಿದ ಜಮೀನು ಕೊಂಡು ಗ್ರೌಂಡ್ ಜೀರೋ ಎಂಬ ಅಹಿಂಸಾ ಕೇಂದ್ರ ತೆರೆದರು. ಸನ್ನಿವೇಲ್‌ನ ಒಂದು ರಾಜೀನಾಮೆ ಪತ್ರ ಎಂಟುನೂರು ಮೈಲಿ ದೂರದಲ್ಲಿ ಬೇಲಿ ಪಕ್ಕದ ಬಿಡಾರವಾಯಿತು.

ಸಾಹಿತ್ಯದ ಬಳಗವಾದ್ದರಿಂದ ಇನ್ನೊಂದು ಮಾತು. ಥೋರೋ 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿ ಕಳೆದದ್ದು, ಅಸಹಕಾರದ ಬಗ್ಗೆ ಪ್ರಬಂಧ ಬರೆದದ್ದು, ಗಾಂಧೀಜಿ ಅದನ್ನು ಓದಿದ್ದು ನಮಗೆಲ್ಲ ಗೊತ್ತು. ಅವನು ತೆರಿಗೆ ಕೊಡದಿದ್ದುದಕ್ಕೆ ಗುಲಾಮಗಿರಿಯ ಜೊತೆಗೆ ಮೆಕ್ಸಿಕೋ ಮೇಲಿನ ಯುದ್ಧವೂ ಕಾರಣ ಎಂದು ಅವನೇ ಬರೆದ. ಅದೇ ಯುದ್ಧದ ಕೊನೆಗೆ, 1848ರಲ್ಲಿ, ಕ್ಯಾಲಿಫೋರ್ನಿಯಾ ಅಮೆರಿಕದ ಕೈಗೆ ಬಂತು. ಎಂದರೆ ನಾವು ಅಡಮಾನ ಕಟ್ಟುತ್ತಿರುವ ನೆಲವೇ ಅವನು ಬೇಡವೆಂದ ಯುದ್ಧದ ಗಳಿಕೆ.

ಕಾಂಕಾರ್ಡ್‌ನ ಹಳಿ

ಬೇ ಏರಿಯಾದಲ್ಲಿ ಶಿಬಿರ ಎಂದರೆ ಮೊದಲು ನೆನಪಾಗಬೇಕಾದ್ದು ಕಾಂಕಾರ್ಡ್. ಇಲ್ಲಿಂದ ಉತ್ತರಕ್ಕೆ ಒಂದು ಗಂಟೆಯ ದಾರಿ. ಅಲ್ಲಿ ನೌಕಾಪಡೆಯ ಶಸ್ತ್ರಾಗಾರವಿತ್ತು. ಮದ್ದುಗುಂಡು ರೈಲಿನಲ್ಲಿ ಬಂದು, ಸಾರ್ವಜನಿಕ ರಸ್ತೆಯನ್ನು ದಾಟಿ, ಪೋರ್ಟ್ ಶಿಕಾಗೋ ಧಕ್ಕೆಯಲ್ಲಿ ಹಡಗು ಸೇರುತ್ತಿತ್ತು. 1944ರ ಜುಲೈ 17ರಂದು ಇದೇ ಧಕ್ಕೆಯಲ್ಲಿ ಸ್ಫೋಟವಾಗಿ 320 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಸರಕು ಹೇರುತ್ತಿದ್ದ ಕಪ್ಪು ನಾವಿಕರು. ಮತ್ತೆ ಅದೇ ಕೆಲಸಕ್ಕೆ ಹೋಗಲು ಒಪ್ಪದ 50 ಮಂದಿಗೆ ದಂಗೆಯ ಆರೋಪದಲ್ಲಿ ಶಿಕ್ಷೆಯಾಯಿತು. ನೌಕಾಪಡೆ ಅವರನ್ನು ನಿರ್ದೋಷಿಗಳೆಂದು ಸಾರಿದ್ದು 2024ರಲ್ಲಿ, ಬರೋಬ್ಬರಿ 80 ವರ್ಷಗಳ ಮೇಲೆ.

ವಿಯೆಟ್ನಾಂ ಕಾಲದಲ್ಲೂ ಈ ಗೇಟಿನ ಮುಂದೆ ಜನ ಕಾವಲು ಕೂತಿದ್ದರು. 1987ರ ಜೂನ್‌ನಲ್ಲಿ ಎಲ್ ಸಾಲ್ವಡಾರ್ ಮುಂತಾದ ಮಧ್ಯ ಅಮೆರಿಕದ ಯುದ್ಧಗಳಿಗೆ ಹೋಗುವ ಶಸ್ತ್ರಗಳನ್ನು ತಡೆಯಲು ಹೊಸ ಕಾವಲು ಶುರುವಾಯಿತು. ಹೆಸರು ನ್ಯೂರೆಂಬರ್ಗ್ ಆಕ್ಷನ್ಸ್. ಮೇಲಿನವರ ಆಜ್ಞೆ ಇತ್ತು ಎಂದ ಮಾತ್ರಕ್ಕೆ ಅಪರಾಧದ ಹೊಣೆ ಕಳೆಯುವುದಿಲ್ಲ ಎಂದ ನ್ಯೂರೆಂಬರ್ಗ್ ತತ್ವದಿಂದ ಬಂದ ಹೆಸರು. ಸೆಪ್ಟೆಂಬರ್ 1ರಂದು ಮೂವರು ಮಾಜಿ ಸೈನಿಕರು ನಲವತ್ತು ದಿನದ ಉಪವಾಸ ಸಾರಿ ಹಳಿಯ ಮೇಲೆ ಕೂತರು. ಅಧಿಕಾರಿಗಳಿಗೆ ಮೊದಲೇ ತಿಳಿಸಿದ್ದರು. ರೈಲು ನಿಲ್ಲುತ್ತದೆ, ಪೋಲೀಸರು ಬಂದು ಎಳೆದೊಯ್ಯುತ್ತಾರೆ ಎಂಬುದು ಎಣಿಕೆ. ರೈಲು ನಿಲ್ಲಲಿಲ್ಲ. ಗಂಟೆಗೆ 5 ಮೈಲಿಯ ಮಿತಿ ಇದ್ದ ಜಾಗದಲ್ಲಿ ಅದಕ್ಕಿಂತ ಬಹಳ ವೇಗವಾಗಿ ಬಂತು. ಇಬ್ಬರು ಪಾರಾದರು. ವಿಯೆಟ್ನಾಂನಲ್ಲಿ ವಾಯುಪಡೆಯ ಅಧಿಕಾರಿಯಾಗಿದ್ದ ಬ್ರಯನ್ ವಿಲ್ಸನ್ ಅವರ ಎರಡೂ ಕಾಲುಗಳು ಮೊಣಕಾಲಿನ ಕೆಳಗೆ ಹೋದವು, ತಲೆಬುರುಡೆ ಒಡೆಯಿತು. ಆ ಕ್ಷಣ ರಕ್ತ ತಡೆದು ಜೀವ ಉಳಿಸಿದವರು ಪಕ್ಕದಲ್ಲಿದ್ದ ಸಂಗಾತಿಗಳು. ಅವರಲ್ಲಿ ಸೂಲಗಿತ್ತಿಯ ವೃತ್ತಿಯ ಅವರ ಪತ್ನಿಯೂ ಇದ್ದರು. ಹಳಿ ಮೇಲೆ ಕೂರುವವರಿಗೆ ಪಕ್ಕದಲ್ಲಿ ನಿಲ್ಲುವವರು ಏಕೆ ಬೇಕು ಎಂಬುದಕ್ಕೆ ಬೇರೆ ವಿವರಣೆ ಬೇಡ.

ನಾಲ್ಕು ದಿನಗಳ ನಂತರ ಸಾವಿರಾರು ಜನ ಸೇರಿದರು. ಜೆಸ್ಸಿ ಜಾಕ್ಸನ್, ಜೋನ್ ಬಯೆಜ್ ಬಂದರು. ಅಂದು ಕೆಲವರು ಹಳಿಯನ್ನೇ ಕಿತ್ತರು. (ಇದು ಅಹಿಂಸೆಯೇ ಎಂಬ ವಾದ ಆಗಲೂ ಇತ್ತು, ನಮ್ಮ ಬಳಗದಲ್ಲಿ ಈಗಲೂ ಇದೆ!) ಅಲ್ಲಿಂದ ಎರಡು ವರ್ಷಕ್ಕೂ ಮಿಕ್ಕಿ ಹಗಲೂ ರಾತ್ರಿ ಹಳಿಯ ಪಕ್ಕ ಬಿಡಾರ ಇತ್ತು. ರೈಲು ಬಂದಾಗಲೆಲ್ಲ ಯಾರಾದರೂ ಎದ್ದು ಹೋಗಿ ಅಡ್ಡ ನಿಲ್ಲುತ್ತಿದ್ದರು, ಬಂಧನವಾಗುತ್ತಿತ್ತು, ಆ ಜಾಗಕ್ಕೆ ಇನ್ನೊಬ್ಬರು ಬರುತ್ತಿದ್ದರು.

ಒಳಗಿನ ಏರ್ಪಾಟು

ದೂರದಿಂದ ನೋಡಿದರೆ ಶಿಬಿರ ಎಂದರೆ ಡೇರೆ, ಫಲಕ, ಕೂಗು. ಹತ್ತಿರ ಹೋದರೆ ಅದು ಮದುವೆ ಮನೆಯ ಹಿತ್ತಿಲಿದ್ದ ಹಾಗೆ. ನೀರು ಯಾರು ತಂದರು? ಕಸ ಯಾರು ಒಯ್ದರು? ಬೆಳಗಿನ ಕಾಫಿಗೆ ಹಾಲು ಇದೆಯೇ? ರಾತ್ರಿ ಎರಡರಿಂದ ನಾಲ್ಕರ ಕಾವಲು ಯಾರದ್ದು?

ಅಮೆರಿಕದ ಶಿಬಿರಗಳು ಸಾಮಾನ್ಯವಾಗಿ ಸಣ್ಣ ಗುಂಪುಗಳಿಂದ ಕಟ್ಟಿದವು. ಹತ್ತು ಹದಿನೈದು ಜನರ, ಒಬ್ಬರನ್ನೊಬ್ಬರು ಬಲ್ಲ ಇಂಥ ಗುಂಪಿಗೆ ಅಫಿನಿಟಿ ಗ್ರೂಪ್ ಎನ್ನುತ್ತಾರೆ. ಬಳಗ ಎಂದರೆ ಸರಿಯಾದ ಕನ್ನಡ. ಸ್ಪೇನ್ ದೇಶದ ಅರಾಜಕತಾವಾದಿಗಳಿಂದ ಬಂದ ಈ ಪದ್ಧತಿ ಅಮೆರಿಕದಲ್ಲಿ ಹಬ್ಬಿದ್ದು 1970ರ ದಶಕದ ಅಣುಸ್ಥಾವರ ವಿರೋಧಿ ಚಳವಳಿಗಳಿಂದ. ಪ್ರತಿ ಬಳಗ ಒಬ್ಬ ವಕ್ತಾರನನ್ನು ಸಭೆಗೆ ಕಳಿಸುತ್ತದೆ. ತೀರ್ಮಾನ ಬಹುಮತದಿಂದಲ್ಲ, ಸರ್ವಸಮ್ಮತಿಯಿಂದ. ಇದು ನಿಧಾನ. ಡೇರೆ ಎಲ್ಲಿ ಹಾಕಬೇಕೆಂಬುದಕ್ಕೆ ಮೂರು ಗಂಟೆ ಹಿಡಿದರೂ ಹಿಡಿಯಿತು. ಆದರೆ ಪೋಲೀಸರು ಬಂದಾಗ ಯಾರೂ ಗಾಬರಿಯಿಂದ ಓಡದಿರುವುದಕ್ಕೂ ಆ ನಿಧಾನವೇ ಕಾರಣ.

ಕೆಲಸ ಹಂಚುವಾಗ ಟ್ರಾಫಿಕ್ ದೀಪದಂತೆ ಬಣ್ಣಗಳನ್ನು ಹೇಳುವುದುಂಟು. ಬಂಧನಕ್ಕೆ ತಯಾರಿರುವವರು ಕೆಂಪು. ಬಂಧನವಾಗಬಹುದು ಎಂಬ ಅಂಚಿನಲ್ಲಿ ನಿಲ್ಲುವವರು ಹಳದಿ. ಬಂಧನಕ್ಕೆ ಒಳಗಾಗಬಾರದವರು ಹಸಿರು. ಕೆಂಪಿನವರ ಚಿತ್ರ ಪೇಪರಿನಲ್ಲಿ ಬರುತ್ತದೆ. ಹಸಿರಿನವರು ಅಡುಗೆ ಮಾಡುತ್ತಾರೆ, ಕಾರು ಓಡಿಸುತ್ತಾರೆ, ಬಂಧಿತರ ಹೆಸರು ಬರೆದಿಟ್ಟುಕೊಂಡು ವಕೀಲರಿಗೆ ಫೋನ್ ಮಾಡುತ್ತಾರೆ, ಮಕ್ಕಳನ್ನು ಶಾಲೆಯಿಂದ ಕರೆತರುತ್ತಾರೆ, ಮಧ್ಯರಾತ್ರಿ ಜೈಲಿನ ಬಾಗಿಲಲ್ಲಿ ಬಿಸಿ ಚಹಾ ಹಿಡಿದು ಕಾಯುತ್ತಾರೆ. ವಕೀಲರ ಫೋನ್ ನಂಬರನ್ನು ಮುಂಗೈ ಮೇಲೆ ಅಳಿಸಲಾಗದ ಶಾಯಿಯಲ್ಲಿ ಬರೆದುಕೊಳ್ಳುವುದು ವಾಡಿಕೆ, ಏಕೆಂದರೆ ಮೊಬೈಲು ಮೊದಲು ಹೋಗುತ್ತದೆ. ಹಸಿರು ಟೋಪಿ ಹಾಕಿ ಪೆನ್ನು ಹಿಡಿದು ನಿಂತವರು ನ್ಯಾಷನಲ್ ಲಾಯರ್ಸ್ ಗಿಲ್ಡ್‌ನ ವೀಕ್ಷಕರು. ಅವರು ಕೂಗುವುದಿಲ್ಲ, ಬರೆದುಕೊಳ್ಳುತ್ತಾರೆ ಅಷ್ಟೆ.

ನಾವು ದೇವಸ್ಥಾನಕ್ಕೆಂದು ಹೋಗುವ ಲಿವರ್‌ಮೋರ್‌ನಲ್ಲೇ ಅಣ್ವಸ್ತ್ರಗಳ ಸಂಶೋಧನಾಲಯವೂ ಇದೆ. 1983ರ ಜೂನ್‌ನಲ್ಲಿ ಅದರ ಗೇಟು ತಡೆದ ಸುಮಾರು ಸಾವಿರ ಜನರನ್ನು ಬಂಧಿಸಿದಾಗ ಜೈಲಿನಲ್ಲಿ ಜಾಗ ಸಾಲದೆ ಸರ್ಕಸ್ಸಿನಂಥ ದೊಡ್ಡ ಡೇರೆಗಳಲ್ಲಿ ಇಟ್ಟರು. ಎಲ್ಲರಿಗೂ ಒಂದೇ ಶಿಕ್ಷೆಯಾಗಬೇಕು ಎಂದು ಹಟ ಹಿಡಿದು ಅವರು ಒಂದು ವಾರಕ್ಕೂ ಹೆಚ್ಚು ಕಾಲ ಒಳಗೇ ಉಳಿದರು. ಅಷ್ಟು ದಿನ ಅವರ ಮನೆಯ ಬೆಕ್ಕಿಗೆ ಹಾಲು ಹಾಕಿದವರು, ಆಫೀಸಿಗೆ ಸಬೂಬು ಹೇಳಿದವರು ಯಾವ ಪಟ್ಟಿಯಲ್ಲೂ ಇಲ್ಲ.

ಇದು ನಮಗೆ ಹೊಸದೂ ಅಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾನೂನು ಮುರಿದರು. ಮುಂದೆ ಅಂಕೋಲ, ಸಿದ್ದಾಪುರ ಸೀಮೆಯ ರೈತರು ಕರ ಕೊಡದೆ ಜಮೀನು ಕಳೆದುಕೊಂಡರು. ಜೈಲಿಗೆ ಹೋದವರ ಹೆಸರು ಸ್ಮಾರಕಗಳಲ್ಲಿವೆ. ಅವರ ದನಕರು, ಮಕ್ಕಳುಮರಿ ನೋಡಿಕೊಂಡ ನೆರೆಮನೆಯವರಿಲ್ಲದೆ ಒಂದು ವಾರವಾದರೂ ಆ ಸತ್ಯಾಗ್ರಹ ನಡೆಯುತ್ತಿತ್ತೇ?

ಒಂದು ಅಡುಗೆಮನೆಯ ಕತೆ

ಇತ್ತೀಚಿನವರಿಗೆ ನೆನಪಿರುವ ಶಿಬಿರ ಬಹುಶಃ ಟೆಕ್ಸಾಸಿನ ಕ್ರಾಫರ್ಡ್‌ನದು. ಅದನ್ನು ಶುರು ಮಾಡಿದವರು ನಮ್ಮ ನೆರೆಯ ವಾಕವಿಲ್‌ನ ಸಿಂಡಿ ಶೀಹನ್. ಅವರ ಮಗ ಕೇಸಿ 2004ರ ಏಪ್ರಿಲ್ 4ರಂದು ಬಾಗ್ದಾದಿನ ಸದರ್ ಸಿಟಿಯಲ್ಲಿ ಸತ್ತ. 2005ರ ಆಗಸ್ಟ್ 6ರಂದು ಆಕೆ ಅಧ್ಯಕ್ಷ ಬುಷ್ ಅವರ ತೋಟದ ಮನೆಯ ದಾರಿಯಲ್ಲಿ, ರಸ್ತೆ ಬದಿಯ ಚರಂಡಿ ಪಕ್ಕ ಕೂತರು. ಕೇಳಿದ್ದು ಒಂದೇ: ನನ್ನ ಮಗ ಸತ್ತದ್ದು ಏತಕ್ಕೆ, ಬಂದು ಹೇಳಿ. ಅಧ್ಯಕ್ಷರು ಬರಲಿಲ್ಲ, ಜನ ಬಂದರು. ನೆರೆಯವರೊಬ್ಬರು ತಮ್ಮ ಜಮೀನು ಬಿಟ್ಟುಕೊಟ್ಟರು. ದೊಡ್ಡ ಡೇರೆ ಎದ್ದಿತು, ಅಡುಗೆಮನೆ ಎದ್ದಿತು, ಊರಿನಿಂದ ಶಿಬಿರಕ್ಕೆ ಜನರನ್ನು ಸಾಗಿಸುವ ಗಾಡಿಗಳು ಓಡಾಡಿದವು. ಟೆಕ್ಸಾಸಿನ ಆಗಸ್ಟ್ ಬಿಸಿಲಿನಲ್ಲಿ ಭಾಷಣಕ್ಕಿಂತ ನೀರು ಮುಖ್ಯ.

ತಿಂಗಳ ಕೊನೆಗೆ ಶಿಬಿರ ಮುಗಿಯುವ ಹೊತ್ತಿಗೆ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ಕಡೆ ಅಪ್ಪಳಿಸಿತ್ತು. ವೆಟರನ್ಸ್ ಫಾರ್ ಪೀಸ್ ಸಂಘದ ಮಾಜಿ ಸೈನಿಕರು ಶಿಬಿರದ ಸಾಮಾನುಗಳನ್ನು ಲಾರಿಗೆ ಹೇರಿಕೊಂಡು ಲೂಸಿಯಾನಾದ ಕವಿಂಗ್ಟನ್‌ಗೆ ಹೋಗಿ ಪರಿಹಾರ ಕೇಂದ್ರ ತೆರೆದರು. ಯುದ್ಧ ಬೇಡ ಎಂದು ಎದ್ದ ಬಿಡಾರ ಮನೆ ಕಳೆದುಕೊಂಡವರ ನೆರವಿಗೆ ಹೋಯಿತು.

ಇದರಿಂದ ಏನಾಯಿತು ಎಂದು ಕೇಳುವವರಿಗೆ ಉತ್ತರ ಸುಲಭವಲ್ಲ. ಕಾಂಕಾರ್ಡ್‌ನ ಹಳಿ ಕಿತ್ತರೂ ಎಲ್ ಸಾಲ್ವಡಾರ್ ಯುದ್ಧ 1992ರ ತನಕ ಎಳೆಯಿತು. ಕ್ರಾಫರ್ಡ್ ಶಿಬಿರದ ಮೇಲೂ ಇರಾಕ್ ಯುದ್ಧ ವರ್ಷಗಟ್ಟಲೆ ನಡೆಯಿತು. ಇಂಗ್ಲೆಂಡಿನ ಗ್ರೀನಮ್ ಕಾಮನ್‌ನಲ್ಲಿ ಹೆಂಗಸರು 1981ರಿಂದ 2000ದವರೆಗೆ ಬಿಡಾರ ಹೂಡಿದ್ದರು. ಅಲ್ಲಿನ ಕ್ಷಿಪಣಿಗಳು 1991ರಲ್ಲಿ ತೊಲಗಿದವು ನಿಜ, ಆದರೆ ಅದು ರೇಗನ್-ಗೋರ್ಬಚೆವ್ ಒಪ್ಪಂದದ ಫಲ ಎನ್ನುವವರೂ ಇದ್ದಾರೆ. ಶಿಬಿರ ಯುದ್ಧವನ್ನು ನಿಲ್ಲಿಸುತ್ತದೆ ಎಂದು ನಾವು ಹೇಳಲಾರೆವು. ಸದ್ದಿಲ್ಲದೆ ದಾಟಿಹೋಗುತ್ತಿದ್ದ ರೈಲು ಕಣ್ಣಿಗೆ ಬೀಳುವಂತೆ ಮಾಡುತ್ತದೆ, ಅಷ್ಟಂತೂ ನಿಜ.

ವೀಸಾದ ಮಾತು

ಈಗ ಕಾಫಿ ಹೊತ್ತಿನ ಪ್ರಶ್ನೆಗೆ ಬರೋಣ. ನಮ್ಮ ಹತ್ತಿರದ ಸ್ಟಾನ್‌ಫರ್ಡ್‌ನಲ್ಲಿ ಗಾಜಾ ಯುದ್ಧದ ವಿರುದ್ಧ 2023ರ ಅಕ್ಟೋಬರ್ 20ರಿಂದ ಸುಮಾರು 120 ದಿನ ವಿದ್ಯಾರ್ಥಿಗಳು ವೈಟ್ ಪ್ಲಾಜಾದಲ್ಲಿ ಕೂತಿದ್ದರು. 2024ರ ಏಪ್ರಿಲ್‌ನಲ್ಲಿ ಮತ್ತೆ ಶಿಬಿರ ಎದ್ದಿತು. ಜೂನ್ 5ರಂದು ಕೆಲವರು ಅಧ್ಯಕ್ಷರ ಕಚೇರಿಯೊಳಗೆ ಹೋದಾಗ 13 ಜನರ ಬಂಧನವಾಗಿ ಶಿಬಿರವನ್ನೂ ತೆಗೆದರು. 2025ರಲ್ಲಂತೂ ಇಂಥ ಪ್ರತಿಭಟನೆಗಳಲ್ಲಿದ್ದ ವಿದೇಶಿ ವಿದ್ಯಾರ್ಥಿಗಳ ವೀಸಾ ರದ್ದಾಯಿತು, ಗ್ರೀನ್ ಕಾರ್ಡ್ ಇದ್ದವರನ್ನೂ ಹಿಡಿದರು. ಭಯಕ್ಕೆ ಕಾರಣವಿಲ್ಲ ಎಂದು ಯಾರೂ ಹೇಳುವಂತಿಲ್ಲ.

ತಿಳಿದಿರಬೇಕಾದ್ದು ಇಷ್ಟು. ಮಾತಿನ ಸ್ವಾತಂತ್ರ್ಯ ನಾಗರಿಕರಿಗೆ ಮಾತ್ರ ಸೀಮಿತವಲ್ಲ. ಆದರೆ ಬಂಧನದ ಫಲ ಎಲ್ಲರಿಗೂ ಒಂದೇ ಅಲ್ಲ. ಗ್ರೀನ್ ಕಾರ್ಡ್ ಮತ್ತು ಪೌರತ್ವದ ಅರ್ಜಿಗಳು, ಶಿಕ್ಷೆಯಾಗಿರಲಿ ಬಿಡಲಿ, ನಿಮ್ಮನ್ನು ಎಂದಾದರೂ ಬಂಧಿಸಿದ್ದರೇ ಎಂದು ಕೇಳುತ್ತವೆ. ಬರೀ ಬಂಧನದ ಮೇಲೆಯೇ ವೀಸಾ ರದ್ದು ಮಾಡುವುದೂ ಉಂಟು. ಆದ್ದರಿಂದ ಹೊರಡುವ ಮುಂಚೆ ವಲಸೆ ವಕೀಲರೊಬ್ಬರನ್ನು ಕೇಳಿ. ಪೋಲೀಸರು ಚದುರಿ ಎಂದಾಗ ಹೊರಡುವ ದಾರಿ ಮೊದಲೇ ನೋಡಿಟ್ಟುಕೊಳ್ಳಿ. ನಿಮ್ಮ ಬಣ್ಣ ಹಸಿರು ಎಂದು ಗುಂಪಿಗೆ ಮೊದಲೇ ಹೇಳಿ. ಇದರಲ್ಲಿ ನಾಚಿಕೆಯೇನೂ ಇಲ್ಲ. ಅಂಥದ್ದೂ ಆಗದಿದ್ದರೆ ಮನೆಯ ಒಲೆ ಇದ್ದೇ ಇದೆ. ನಲವತ್ತು ಜನಕ್ಕೆ ಬಿಸಿಬೇಳೆಭಾತ್ ಮಾಡಿ ಗೊತ್ತಿರುವವರು ನಮ್ಮಲ್ಲಿ ಕಡಿಮೆಯೇ? ಯುಗಾದಿಗೆ, ರಾಜ್ಯೋತ್ಸವಕ್ಕೆ ಮಾಡಿದ್ದೇ ಕೆಲಸ.

ಒಂದು ಮಾತು ಮಾತ್ರ ನಮಗೇ ಹೇಳಿಕೊಳ್ಳಬೇಕು. ವೀಸಾ ಒಂದು ಕಾರಣ ಹೌದು, ಆದರೆ ಎಲ್ಲ ಸಲವೂ ಅದೇ ಕಾರಣವಲ್ಲ. ಪೌರತ್ವ ಸಿಕ್ಕು ಇಪ್ಪತ್ತು ವರ್ಷ ಕಳೆದವರೂ ನಮ್ಮಲ್ಲಿದ್ದೇವೆ. ಹತ್ತು ಮಕ್ಕಳ ತಂದೆ ಆಲ್ಡ್ರಿಜ್ ರಾಜೀನಾಮೆ ಬರೆದದ್ದು ಇದೇ ಸನ್ನಿವೇಲ್‌ನಲ್ಲಿ. ಅಷ್ಟು ದೂರ ಹೋಗಲು ಎಲ್ಲರಿಂದಾಗದು, ಒಂದು ಪಾತ್ರೆ ಹೊತ್ತುಕೊಂಡು ಹೋಗಲು ಆದೀತು.

ಈ ಬಗ್ಗೆ ನಿಮಗೆ ಅನುಭವವಿದ್ದರೆ, ಅಥವಾ ನಾವು ಹೇಳಿದ್ದು ಒಪ್ಪಿಗೆಯಾಗದಿದ್ದರೆ, ಬರೆದು ತಿಳಿಸಿ. ಮುಂದಿನ ಕೂಟದಲ್ಲಿ ಆದಿಪುರಾಣವನ್ನು ಬಿಟ್ಟಲ್ಲಿಂದ ಮುಂದುವರಿಸೋಣ.


ಬಳಗದ ಪರವಾಗಿ, ಸನ್ನಿವೇಲ್