ಅಕ್ಷರಗುಂಡು ಮತ್ತು ನಿಯಾನ್ ಕೊಳವೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವ ಬಂಡೆಗೆ ಊರವರು ಇಟ್ಟ ಹೆಸರು ಅಕ್ಷರಗುಂಡು. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಈ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಗೆ ಬರೆದವನ ಹೆಸರೂ ಇದೆ, ಚಪಡ. ಆದರೆ ಅವನು ಲಿಪಿಕಾರನೆಂದು ಹೇಳುವ ಒಂದು ಪದ ಮಾತ್ರ ಖರೋಷ್ಠಿಯಲ್ಲಿದೆ. ಬಲದಿಂದ ಎಡಕ್ಕೆ ಓಡುವ ಆ ಲಿಪಿ ಗಾಂಧಾರದ ಕಡೆಯದು. ಚಪಡನ ಮುಖ ನಾವ್ಯಾರೂ ಕಂಡಿಲ್ಲ. ಆದರೂ ಅವನಿದ್ದನೆಂದು, ವಾಯವ್ಯದ ಲಿಪಿ ಬಲ್ಲವನೆಂದು ಅನುಮಾನವಿಲ್ಲದೆ ಹೇಳುತ್ತೇವೆ. ಗೀಟು ಯಾವ ಕಡೆಯಿಂದ ಓಡಿತು ಎಂಬುದೇ ಇಲ್ಲಿ ಸಾಕ್ಷಿ. ಪರಮಾಣುವಿಗಿಂತ ಚಿಕ್ಕ ಕಣಗಳನ್ನು ವಿಜ್ಞಾನಿಗಳು ಕಂಡದ್ದೂ ಹೀಗೆಯೇ. ಅದನ್ನು ‘ಕಾಣುವುದು’ ಎನ್ನಲು ಸಂಕೋಚ ಬೇಕಿಲ್ಲ.

ಅದಕ್ಕೆ ನಮ್ಮ ನಾಡಿನದೇ ಪುರಾವೆ ಕೋಲಾರದ ಚಿನ್ನದ ಗಣಿ. ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯೂಆನ್ ಕಣಗಳು ಅಂಗೈಯಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು ಒಂದರಂತೆ ತೂರಿ ಹೋಗುತ್ತವೆ. ಅದೇ ಬಡಿತದಿಂದ ಹುಟ್ಟುವ ನ್ಯೂಟ್ರಿನೊ ಇನ್ನೂ ಮಾಯಾವಿ, ಭೂಮಿಯನ್ನೇ ದಾಟಿ ಹೋಗಬಲ್ಲದು. ಮ್ಯೂಆನ್ ಗದ್ದಲದಲ್ಲಿ ಅದರ ಸುಳಿವು ಹಿಡಿಯಬೇಕಾದರೆ ನೆಲದಾಳಕ್ಕೆ ಇಳಿದು ಬಂಡೆಯನ್ನೇ ಜರಡಿ ಮಾಡಿಕೊಳ್ಳಬೇಕು. ಮೈಸೂರು ಸೀಮೆಯ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲೇ ಈ ಗಣಿಗಳಿಗೆ ಇಳಿದು ಮ್ಯೂಆನ್ ಎಣಿಸತೊಡಗಿದ್ದರು. 1965ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ತಂಡಗಳು ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಹೂಡಿದವು. ಕಣ ತಾಗಿದರೆ ಮಿನುಗುವ ಪ್ಲಾಸ್ಟಿಕ್ ಹಲಗೆಗಳ ಎರಡು ಗೋಡೆ. ನಡುವೆ ಸೀಸ, ಸಾಲು ಸಾಲು ನಿಯಾನ್ ತುಂಬಿದ ಗಾಜಿನ ಕೊಳವೆ. ಎರಡೂ ಗೋಡೆ ಒಟ್ಟಿಗೆ ಮಿನುಗಿದರೆ ಮಾತ್ರ ಕೊಳವೆಗಳಿಗೆ ಭಾರೀ ವೋಲ್ಟೇಜ್ ಹರಿಯುತ್ತದೆ. ಆಗ ಕಣ ಹಾದ ಕೊಳವೆಗಳು ಕೆಂಪಗೆ ಹೊತ್ತಿಕೊಳ್ಳುತ್ತವೆ, ಕತ್ತಲಲ್ಲಿ ಕಾದಿದ್ದ ಕ್ಯಾಮೆರಾ ಆ ಸಾಲನ್ನು ಹಿಡಿದಿಡುತ್ತದೆ. ಮೇಲಿನಿಂದ ಅಷ್ಟು ಆಳಕ್ಕೆ ಬಂದ ಮ್ಯೂಆನ್ ಹೆಚ್ಚುಕಡಿಮೆ ನೆಟ್ಟಗೆ ಇಳಿಯಬೇಕು. ಓರೆಯಾಗಿ ಬರಬೇಕಾದರೆ ದಾಟಬೇಕಾದ ಬಂಡೆ ವಿಪರೀತ. ಹಾಗಿದ್ದೂ ಅಡ್ಡಡ್ಡ ಗೆರೆಗಳು ಮೂಡಿದವು. ಪಕ್ಕದ ಬಂಡೆಯಲ್ಲೇ ನ್ಯೂಟ್ರಿನೊ ಒಂದು ಡಿಕ್ಕಿ ಹೊಡೆದು ಮ್ಯೂಆನ್ ಹುಟ್ಟಿಸಿತ್ತು. ಮತ್ತೆ ದಿಕ್ಕೇ ಸಾಕ್ಷಿ! ವಾತಾವರಣದ ನ್ಯೂಟ್ರಿನೊ ಮೊದಲು ಸಿಕ್ಕಿದ್ದು ಆ ವರ್ಷ, ಇಲ್ಲಿ ಮತ್ತು ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ.

ಕಂಡದ್ದು ಕೊಳವೆಯ ಬೆಳಕೇ ಹೊರತು ಕಣವಲ್ಲವಲ್ಲ ಎನ್ನಬಹುದು. ನಿಜ. ಆದರೆ ನಕ್ಷತ್ರವನ್ನು ನೋಡುವಾಗಲೂ ಕಣ್ಣಿಗೆ ಬೀಳುವುದು ಅದು ಎಂದೋ ಬಿಟ್ಟ ಬೆಳಕು. ಕೊಳವೆ ತಾನಾಗಿಯೇ ಹೊತ್ತಿದ್ದರೆ? ಎರಡು ಗೋಡೆಗಳ ಒಪ್ಪಿಗೆ ಬೇಕೆಂಬ ಕಟ್ಟಳೆ ಇರುವುದೇ ಅದಕ್ಕೆ. ಇವೆರಡಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಚಪಡ ಮನುಷ್ಯ, ಅವನಂಥವರನ್ನು ನಾವು ದಿನವೂ ನೋಡುತ್ತೇವೆ, ಮ್ಯೂಆನನ್ನು ಯಾರು ನೋಡಿದ್ದಾರೆ? ಇಲ್ಲಿ ಹೋಲಿಕೆ ಕುಂಟುತ್ತದೆ, ಒಪ್ಪೋಣ. ಆದರೆ ಕಣದ ಗುರುತಿಗೆ ಬಂಡೆಯ ಅಕ್ಷರಕ್ಕಿಲ್ಲದ ಬಲವೊಂದಿದೆ, ಅದನ್ನು ಮತ್ತೆ ಮತ್ತೆ ಪರೀಕ್ಷಿಸಬಹುದು. ಅಯಸ್ಕಾಂತ ಹಿಡಿದರೆ ಮ್ಯೂಆನಿನ ಗೆರೆ ಬಾಗುತ್ತದೆ. ಗಣಿಯಲ್ಲಿ ಕೆಳಗಿಳಿದಷ್ಟೂ ಎಣಿಕೆ ಇಳಿಯುತ್ತದೆ. ಚಪಡನಿಗೆ ಇನ್ನೊಂದು ಸಾಲು ಬರೆದು ತೋರಿಸು ಎನ್ನುವ ಹಾಗಿಲ್ಲ, ಮ್ಯೂಆನಿಗೆ ಹೇಳಬಹುದು. ಡ್ರೈ ಐಸ್, ಆಲ್ಕೋಹಾಲ್ ಹಾಗೂ ಗಾಜಿನ ತೊಟ್ಟಿಯಿದ್ದರೆ, ಚಳ್ಳಕೆರೆಯ ಯಾವ ಶಾಲೆಯ ಕತ್ತಲು ಕೋಣೆಯಲ್ಲೂ ಅದು ಮಂಜಿನಲ್ಲಿ ಕೂದಲೆಳೆಯಂಥ ಬಿಳಿ ಗೀಟು ಎಳೆದು ಮಾಯವಾಗುತ್ತದೆ.