ಚಿಪ್ಪಿಲ್ಲದ ಕಡಲಹುಳುಗಳ ಗಣತಿ

ಮಳೆಗಾಲದಲ್ಲಿ ಹಿತ್ತಲಿನ ಗೋಡೆಯ ಮೇಲೆ ಲೋಳೆಯ ಗೆರೆ ಎಳೆಯುತ್ತ ಸಾಗುವ ಬಸವನಹುಳುವನ್ನು ನಾವೆಲ್ಲರೂ ಬಲ್ಲೆವು. ಅದರ ಬಳಗದವೇ ಆದ, ಆದರೆ ಬೆನ್ನ ಮೇಲೆ ಚಿಪ್ಪಿಲ್ಲದ ಜೀವಿಗಳು ಕಡಲಿನಲ್ಲಿಯೂ ಉಂಟು. ಇವನ್ನು ಸೀ ಸ್ಲಗ್ ಎನ್ನುತ್ತಾರೆ. ನಾವು ಇಲ್ಲಿ ಕಡಲಹುಳು ಎಂದು ಕರೆಯೋಣ. ಹುಳು ಎಂದು ಕರೆದರೂ ಇವು ಮೃದ್ವಂಗಿಗಳ ವರ್ಗಕ್ಕೆ ಸೇರಿದವು.

ಚಿಪ್ಪು ಎಂದರೆ ಬಸವನಹುಳುವಿನ ಕೋಟೆ. ಕೋಟೆಯಿಲ್ಲದ ಈ ಪ್ರಾಣಿ ಬದುಕುವುದು ಹೇಗೆ? ಮರಿಯಾಗಿದ್ದಾಗ ಸಾಮಾನ್ಯವಾಗಿ ಇದಕ್ಕೂ ಪುಟ್ಟ ಚಿಪ್ಪು ಇರುತ್ತದೆ. ಬೆಳೆದಂತೆ ಅದನ್ನು ಕಳಚಿಬಿಡುತ್ತದೆ. ಅನಂತರ ತಿನ್ನುವ ಆಹಾರವೇ ಇದರ ಆಯುಧವಾಗುತ್ತದೆ. ಕೆಲವು ಜಾತಿಗಳು ಸ್ಪಂಜು ಪ್ರಾಣಿಗಳನ್ನು ತಿಂದು ಅವುಗಳ ವಿಷವನ್ನು ತಮ್ಮ ಚರ್ಮದಲ್ಲಿ ಕೂಡಿಡುತ್ತವೆ. ಇನ್ನು ಕೆಲವು, ಚುಚ್ಚುವ ಕಣಗಳುಳ್ಳ ಜೀವಿಗಳನ್ನು ತಿಂದು, ಆ ಕಣಗಳನ್ನು ಹಾಳುಮಾಡದೆ ಬೆನ್ನಿನ ಎಳೆಗಳಿಗೆ ಸಾಗಿಸಿಕೊಳ್ಳುತ್ತವೆ. ಪಾಚಿಯ ರಸ ಹೀರುವ ಕೆಲವು ಜಾತಿಗಳಂತೂ ಅದರ ಹರಿತ್ತಿನ ಕಣಗಳನ್ನು ಕೆಲಕಾಲ ದೇಹದಲ್ಲಿ ಉಳಿಸಿಕೊಂಡು ಎಲೆಯಂತೆ ಹಸಿರಾಗುತ್ತವೆ. ಅನೇಕ ಜಾತಿಗಳ ಗಾಢ ಬಣ್ಣಗಳು "ನನ್ನನ್ನು ತಿನ್ನಬೇಡ" ಎಂದು ಮೀನುಗಳಿಗೆ ನೀಡುವ ಎಚ್ಚರಿಕೆ.

ಸೇಲಂ, ಧರ್ಮಪುರಿ ಜಿಲ್ಲೆಗಳಿಗೆ ಕಡಲತೀರವಿಲ್ಲ. ಆದರೂ ಕಡಲಹುಳುಗಳ ಅಧ್ಯಯನಕ್ಕೂ ನಮ್ಮ ನೆಲಕ್ಕೂ ಒಂದು ಸಂಬಂಧ ಉಂಟು. 1823ರಲ್ಲಿ ವಾಲ್ಟರ್ ಎಲಿಯಟ್ ಎಂಬ ತರುಣ ಬ್ರಿಟಿಷ್ ಅಧಿಕಾರಿ ಸೇಲಂ ಕಲೆಕ್ಟರರ ಸಹಾಯಕನಾಗಿ ನೇಮಕಗೊಂಡನು. ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾದುದು 1965ರಲ್ಲಿ. ಎಲಿಯಟ್‌ನ ಕಾಲದಲ್ಲಿ ಅದು ಸೇಲಂ ಜಿಲ್ಲೆಯ ಭಾಗವೇ ಆಗಿತ್ತು. ಅಲ್ಲಿಂದ ಅವನಿಗೆ ಧಾರವಾಡದ ಕಡೆಗೆ ವರ್ಗವಾಯಿತು. 1824ರಲ್ಲಿ ಕಿತ್ತೂರಿನ ಕದನದಲ್ಲಿ ಥ್ಯಾಕರೆ ಮಡಿದಾಗ, ರಾಣಿ ಚೆನ್ನಮ್ಮನ ಕಡೆಯವರು ಸೆರೆಹಿಡಿದ ಇಬ್ಬರು ಅಧಿಕಾರಿಗಳಲ್ಲಿ ಒಬ್ಬನು ಈ ಎಲಿಯಟ್! ಬಿಡುಗಡೆಯಾದ ಬಳಿಕ ಅವನು ಕನ್ನಡ ನಾಡಿನಲ್ಲಿ ನೂರಾರು ಶಾಸನಗಳ ಪ್ರತಿಗಳನ್ನು ಮಾಡಿಸಿದನು.

ಮುಂದೆ ಅವನು ಆಂಧ್ರದ ಕರಾವಳಿಯಲ್ಲಿ ಕಮಿಷನರ್ ಆದನು. ವಿಶಾಖಪಟ್ಟಣದ ಬಳಿಯ ವಾಲ್ಟೇರಿನಲ್ಲಿ ಕಡಲಹುಳುಗಳನ್ನು ಸಂಗ್ರಹಿಸಿ, ಅವುಗಳ ಬಣ್ಣದ ಚಿತ್ರಗಳನ್ನು ಬರೆಸಿದನು. ಚಿತ್ರವೇಕೆ ಬೇಕು? ಈ ಪ್ರಾಣಿಯನ್ನು ಮದ್ಯಸಾರದಲ್ಲಿಟ್ಟರೆ ದೇಹ ಮುದುಡಿ ಬಣ್ಣ ಮಾಸುತ್ತದೆ; ಚಿಪ್ಪಿಲ್ಲದ ಕಾರಣ ಆಮೇಲೆ ಗುರುತಿಸುವುದು ಕಷ್ಟವಾಗುತ್ತದೆ. ಆದುದರಿಂದ ಜೀವಂತವಾಗಿದ್ದಾಗಲೇ ಅದರ ರೂಪವನ್ನು ದಾಖಲಿಸಬೇಕು. ಈ ಸಂಗ್ರಹವನ್ನು ಆಧರಿಸಿ ಇಂಗ್ಲೆಂಡಿನ ಆಲ್ಡರ್ ಮತ್ತು ಹ್ಯಾನ್‌ಕಾಕ್ ಎಂಬ ವಿದ್ವಾಂಸರು 1864ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಅದರಲ್ಲಿ ಹೊಸದಾಗಿ ಹೆಸರು ಪಡೆದ ಒಂದು ಜಾತಿ 'ಕಳಿಂಗ ಆರ್ನೇಟಾ'. ಕಳಿಂಗವೆಂಬುದು ಆ ಕರಾವಳಿಯ ಪ್ರಾಚೀನ ಹೆಸರೆಂದು ನಾವು ಚರಿತ್ರೆಯಲ್ಲಿ ಓದಿದ್ದೇವೆ. ಆರ್ನೇಟಾ ಎಂದರೆ ಅಲಂಕೃತವಾದುದು.

ಸವೆಯುವ ಮೊದಲೇ ಶಾಸನವನ್ನು ನಕಲು ಮಾಡಬೇಕು. ಜೀವಿಗಳ ಗಣತಿಯ ತತ್ತ್ವವೂ ಇದೇ. ಇದುವರೆಗೆ ಹೆಚ್ಚು ಅಧ್ಯಯನವಾಗದ ತೀರದಲ್ಲಿ ಏನೇನು ಇದೆ ಎಂಬ ಪಟ್ಟಿಯೇ ಇಲ್ಲದಿದ್ದರೆ, ಬಂದರು ಕಟ್ಟಿದಾಗ, ಕೊಳಚೆ ಸೇರಿದಾಗ, ನೀರಿನ ಬಿಸಿ ಏರಿದಾಗ ಏನನ್ನು ಕಳೆದುಕೊಂಡೆವು ಎಂದು ಹೇಳುವುದು ಹೇಗೆ? ಒಂದೊಂದು ಕಡಲಹುಳು ತಿನ್ನುವುದು ಕೆಲವೇ ಬಗೆಯ ಆಹಾರವನ್ನು. ಆ ಆಹಾರ ಅಳಿದರೆ ಹುಳುವೂ ಕಾಣದಾಗುತ್ತದೆ.

ಗಣತಿ ಮಾಡುವವರು ಸಮುದ್ರದ ಇಳಿತದ ಹೊತ್ತನ್ನು ನೋಡಿಕೊಂಡು ಬಂಡೆಗಳ ನಡುವಿನ ನೀರಿನ ಗುಂಡಿಗಳಿಗೆ ಇಳಿಯುತ್ತಾರೆ. ಇಂತಿಷ್ಟು ಜಾಗ, ಇಂತಿಷ್ಟು ಹೊತ್ತು ಎಂದು ಗೊತ್ತುಮಾಡಿಕೊಂಡು ಹುಡುಕುತ್ತಾರೆ. ಕಲ್ಲನ್ನು ಮೆಲ್ಲಗೆ ಎತ್ತಿ ನೋಡಿ, ಇದ್ದಂತೆಯೇ ಇಡುತ್ತಾರೆ. ಬಣ್ಣ, ಅಳತೆ, ಆಹಾರ, ರಿಬ್ಬನ್ನಿನಂತೆ ಸುರುಳಿಯಾಗಿರುವ ಮೊಟ್ಟೆ, ಇವೆಲ್ಲವನ್ನೂ ಬರೆದುಕೊಂಡು ಫೋಟೋ ತೆಗೆಯುತ್ತಾರೆ. ಏನೂ ಸಿಗದ ದಿನವನ್ನೂ ಬರೆದಿಡುತ್ತಾರೆ; "ಇಲ್ಲ" ಎಂಬುದೂ ಒಂದು ಮಾಹಿತಿಯೇ. ಬೇರೆ ಬೇರೆ ಋತುಗಳಲ್ಲಿ ಮತ್ತೆ ಮತ್ತೆ ಹುಡುಕಿದರೆ ಮಾತ್ರ ಪಟ್ಟಿ ಪೂರ್ಣತೆಯತ್ತ ಸಾಗುತ್ತದೆ.

ಇಂಥ ಅಲ್ಪಪ್ರಾಣಿಯಿಂದ ಪ್ರಯೋಜನವೇನು ಎಂದು ಪೋಷಕರು ಕೇಳಬಹುದು. 'ಕಡಲ ಮೊಲ' ಎಂಬ ಕಡಲಹುಳುವಿನಲ್ಲಿ ಸುಮಾರು 20,000 ನರಕೋಶಗಳು ಮಾತ್ರ ಇವೆ. ಕೆಲವು ಬಹಳ ದೊಡ್ಡವು. ಅವುಗಳ ಸಹಾಯದಿಂದ, ಕಲಿತದ್ದು ನೆನಪಿನಲ್ಲಿ ಉಳಿಯುವ ಬಗೆಯನ್ನು ಅರಿತ ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿ 2000ದಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ನಾವು ಮಗ್ಗಿ ಬಾಯಿಪಾಠ ಮಾಡುವಾಗ ಮಿದುಳಿನಲ್ಲಿ ನಡೆಯುವುದೇನೆಂಬುದರ ಸುಳಿವು ಹೀಗೆ ಒಂದು ಕಡಲಹುಳುವಿನಿಂದ ದೊರೆಯಿತು.

ಕಡಲು ದೂರವಿದ್ದರೂ ಗಣತಿಯ ವಿದ್ಯೆಯನ್ನು ನಾವು ಇಲ್ಲಿಯೇ ಅಭ್ಯಾಸ ಮಾಡಬಹುದು. ಶಾಲೆಯ ತೋಟದಲ್ಲಿ ದಾರ ಕಟ್ಟಿ ಒಂದು ಮೀಟರ್ ಚೌಕವನ್ನು ಗುರುತಿಸೋಣ. ಮಳೆ ಬಂದ ಮರುದಿನ ಬೆಳಿಗ್ಗೆ ಅಲ್ಲಿರುವ ಬಸವನಹುಳುಗಳನ್ನು ಹತ್ತು ನಿಮಿಷ ಎಣಿಸೋಣ. ಅವುಗಳಿಂದ ರೋಗ ಹರಡಬಹುದಾದ್ದರಿಂದ ಬರಿಗೈಯಲ್ಲಿ ಮುಟ್ಟುವುದು ಬೇಡ. ದಿನಾಂಕ, ಸಂಖ್ಯೆ, ಬಣ್ಣ, ಚಿತ್ರ ಇಷ್ಟನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡೋಣ. ಈ ವರ್ಷದ ಎಂಟನೆಯ ತರಗತಿಯವರು ಆರಂಭಿಸಿದ ಪುಸ್ತಕವನ್ನು ಮುಂದಿನ ವರ್ಷದವರು ಮುಂದುವರಿಸಲಿ. ಹತ್ತು ವರ್ಷಗಳಾದರೆ, ನಮ್ಮ ಶಾಲೆಯ ತೋಟದಲ್ಲಿ ಯಾವುದು ಹೆಚ್ಚಿತು, ಯಾವುದು ಕಾಣೆಯಾಯಿತು ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ.